ಹಳೆಯ ಜಾಯ್‌ಸ್ಟಿಕ್‌ಗೆ ಅಡಾಪ್ಟರೋ, ಬೋರ್ಡೋ?

ಯುಎಸ್‌ಬಿಗೆ ಮುಂಚಿನ 15 ಪಿನ್ನಿನ ಗೇಮ್‌ಪೋರ್ಟ್ ಜಾಯ್‌ಸ್ಟಿಕ್ಕನ್ನು ಫ್ಲೈಟ್‌ಗಿಯರ್, ಎಕ್ಸ್-ಪ್ಲೇನ್‌ನಂಥ ವಿಮಾನ ಹಾರಿಸುವ ಸಿಮ್ಯುಲೇಟರ್‌ಗಳಲ್ಲಿ ಬಳಸಬೇಕೆಂದರೆ ಮೂರು ದಾರಿಗಳಿವೆ: ಸಿದ್ಧ ಯುಎಸ್‌ಬಿ ಅಡಾಪ್ಟರ್, ಆರ್ಡುಯಿನೊ ಪ್ರೊ ಮೈಕ್ರೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್, ಲಿಯೊ ಬಾಡ್ನರ್ ಕಂಪನಿಯ ಬಿಯು0836ಎ ಎಂಬ ಜಾಯ್‌ಸ್ಟಿಕ್ ಬೋರ್ಡ್.

ಸುಲಭದ ಮಾತಾದರೆ ಅಡಾಪ್ಟರ್, ಚುಚ್ಚಿದರೆ ಮುಗಿಯಿತು. ಆದರೆ ಸಿಎಚ್ ಫ್ಲೈಟ್‌ಸ್ಟಿಕ್ ಪ್ರೊದಂಥ ಜಾಯ್‌ಸ್ಟಿಕ್‌ಗಳು ಹ್ಯಾಟ್ ಸ್ವಿಚ್ಚನ್ನು (ಕಡ್ಡಿಯ ತುದಿಯಲ್ಲಿ ಹೆಬ್ಬೆರಳಿನಿಂದ ನಾಲ್ಕು ದಿಕ್ಕಿಗೆ ತಳ್ಳುವ ಗುಂಡಿ) ಹಲವು ಗುಂಡಿಗಳನ್ನು ಒಟ್ಟಿಗೆ ಒತ್ತಿದಂತೆ ತೋರಿಸುತ್ತವೆ. ಇದು ಅರ್ಥವಾಗದ ಅಡಾಪ್ಟರ್ ಕೊಂಡರೆ ದುಡ್ಡು ದಂಡ.

ಬೋರ್ಡುಗಳಿಗೆ ಬೆಸುಗೆ ಬೇಕು. ಗೇಮ್‌ಪೋರ್ಟ್ ಕಾಲದ ಪೊಟೆನ್ಶಿಯೊಮೀಟರಿಗೆ (ಕಡ್ಡಿ ಅಲ್ಲಾಡಿದಂತೆ ರೋಧ ಬದಲಾಗುವ ಭಾಗ) ಸಾಮಾನ್ಯವಾಗಿ ಎರಡೇ ತಂತಿ. ಖಾಲಿ ಬಿಟ್ಟ ಮೂರನೆಯ ಕಾಲನ್ನು ಗ್ರೌಂಡ್‌ಗೆ ಸೇರಿಸಿದರೆ ಮಾತ್ರ ವೋಲ್ಟೇಜ್ ನೇರವಾಗಿ ಏರಿಳಿಯುತ್ತದೆ. ಪ್ರೊ ಮೈಕ್ರೊ ಅಗ್ಗ, ಕಡ್ಡಿಯ ಚಲನೆಯನ್ನು ಅಳೆಯುವುದು 10 ಬಿಟ್, ಅಂದರೆ 1024 ಹಂತಗಳಲ್ಲಿ. ಪ್ರೋಗ್ರಾಂ ನೀವೇ ತುಂಬಬೇಕು. ಬಿಯು0836ಎ ದುಬಾರಿ, ಆದರೆ 12 ಬಿಟ್, ಕೋಡ್ ಬರೆಯುವ ಗೋಜಿಲ್ಲ.

ಬಾಳಿಕೆಯನ್ನು ನಿರ್ಧರಿಸುವುದು ಪೊಟೆನ್ಶಿಯೊಮೀಟರಿನೊಳಗೆ ಸವೆಯುವ ಕಾರ್ಬನ್ ಪಟ್ಟಿ. ವಿಮಾನ ಸುಮ್ಮಸುಮ್ಮನೆ ನಡುಗಿದರೆ ಅದರ ಬದಲು ಹಾಲ್ ಸೆನ್ಸರ್ (ಆಯಸ್ಕಾಂತದ ಮೂಲಕ ಚಲನೆ ಅಳೆಯುವ ಭಾಗ) ಹಾಕಿ. ಅದು ರೋಧದ ಬದಲು ವೋಲ್ಟೇಜ್ ಕೊಡುವುದರಿಂದ ಬೋರ್ಡೇ ಬೇಕು. ಕಡ್ಡಿ ಗಟ್ಟಿಯಾಗಿದ್ದು ಭಾನುವಾರ ಮಾತ್ರ ಹಾರಿಸುವವರಿಗೆ ಅಡಾಪ್ಟರ್ ಸಾಕು. ಕಾಲಿನಿಂದ ಒತ್ತುವ ರಡ್ಡರ್ ಪೆಡಲ್ಲನ್ನೂ ಸೇರಿಸುವ ಆಸೆಯಿದ್ದರೆ ಬೋರ್ಡಿನ ಕಡೆ ನೋಡಿ.