ಕೆಸರಿನ ವಿಷ ತಿಳಿಯಲು ನಾನು ಎರೆಹುಳುವನ್ನೇ ನೆಚ್ಚಿಕೊಂಡಿದ್ದೇಕೆ

ವಿಜಯಪುರದ ನಮ್ಮ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದ ಕೆಸರನ್ನೂ ಅದನ್ನು ಹಾಕಿದ ಹೊಲಗಳ ಮಣ್ಣನ್ನೂ ಮೂರು ಬಗೆಯಲ್ಲಿ ಪರೀಕ್ಷಿಸಿದ್ದೇವೆ. ವರ್ಷದ ಅನುದಾನದ ಬಹುಪಾಲನ್ನು ನುಂಗಿದ್ದು ಬೆಳಕು ಬೀರುವ ಬ್ಯಾಕ್ಟೀರಿಯಾದ ಕಿಟ್. ಕೈ ಹಿಡಿದದ್ದು ಎರೆಹುಳು.

ಕಿಟ್ಟಿನಲ್ಲಿರುವುದು ವಿಬ್ರಿಯೋ ಫಿಶೇರಿ ಎಂಬ ಕಡಲ ಜೀವಿ. ವಿಷ ತಗುಲಿದರೆ ಅದರ ಬೆಳಕು ಕುಗ್ಗುತ್ತದೆ, ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಆದರೆ ಶೈತ್ಯದಲ್ಲಿ ಒಣಗಿಸಿದ ಆ ಪುಡಿಯನ್ನು ಫ್ರೀಜರ್‌ನಲ್ಲೇ ಇಡಬೇಕು. ನಮ್ಮದು ಏಪ್ರಿಲ್‌ನಲ್ಲಿ ಎರಡು ರಾತ್ರಿ ಲಾರಿಯಲ್ಲಿ ಕಳೆದು, ಐಸ್ ಕರಗಿ ನೀರು ತುಂಬಿದ ಡಬ್ಬಿಯಲ್ಲಿ ಬಂತು. ಮಾರಿದವರು ಬದಲಿ ಕೊಡಲು ಒಪ್ಪಲಿಲ್ಲ. ಬದುಕುಳಿದ ಎರಡು ಸೀಸೆಗಳಲ್ಲಿ ಪರೀಕ್ಷೆ ನಡೆಸಿದಾಗ, ಕೆಸರನ್ನು ಕಲಕಿ ಸೋಸಿದ ನೀರು ಕಡಕ್ ಚಹಾದಂತೆ ಕಂದಾಗಿದ್ದುದರಿಂದ, ಬೆಳಕು ಕುಗ್ಗಿದ್ದು ವಿಷದಿಂದಲೋ ಬಣ್ಣದಿಂದಲೋ ಎಂಬುದೇ ತಿಳಿಯಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಡಿಡಿಟಿ, ಪಿಸಿಬಿ (ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿದ್ದ ರಾಸಾಯನಿಕ) ಮತ್ತು 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಕೀಟನಾಶಕ ಎಂಡೋಸಲ್ಫಾನ್‌ನಂತಹವು ನೀರಿಗೆ ಇಳಿಯುವುದು ತೀರ ಕಡಿಮೆ; ಅವು ಮಣ್ಣಿನ ಜೈವಿಕಾಂಶಕ್ಕೆ ಅಂಟಿಕೊಂಡೇ ಇರುತ್ತವೆ, ಸೋಸಿದ ನೀರನ್ನಷ್ಟೇ ನೋಡುವ ಕಿಟ್ಟಿಗೆ ಸಿಗುವುದಿಲ್ಲ.

ಬೀಜ ಮೊಳಕೆಯ ಪರೀಕ್ಷೆ ಅಗ್ಗ, ಆದರೆ ಕೆಸರಿನ ಉಪ್ಪೇ ಮೊಳಕೆಯನ್ನು ತಡೆಯುತ್ತದೆ.

ಎರೆಹುಳು ಮಣ್ಣನ್ನು ತಿನ್ನುತ್ತದೆ, ಚರ್ಮದಿಂದಲೂ ಹೀರುತ್ತದೆ, ಹೀಗಾಗಿ ಮಣ್ಣಿಗೆ ಅಂಟಿದ ವಿಷವೂ ಅದಕ್ಕೆ ತಗುಲುತ್ತದೆ; ಒಗ್ಗದ ಮಣ್ಣಿನಿಂದ ಅದು ದೂರ ಸರಿಯುತ್ತದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 17512 ಪದ್ಧತಿಯಂತೆ ಡಬ್ಬಿಯ ಒಂದು ಬದಿಗೆ ಶುದ್ಧ ಮಣ್ಣು, ಇನ್ನೊಂದು ಬದಿಗೆ ಕೆಸರು ಬೆರೆತ ಮಣ್ಣು ತುಂಬಿ, ನಡುವಿನ ತಡಿಕೆ ತೆಗೆದು, ಆ ಗೆರೆಯ ಮೇಲೆ ಹತ್ತು ಹುಳು ಬಿಡುತ್ತೇವೆ. 48 ಗಂಟೆಗಳ ನಂತರ ಕೆಸರಿನ ಬದಿಯಲ್ಲಿ ಎರಡಕ್ಕಿಂತ ಕಡಿಮೆ ಉಳಿದಿದ್ದರೆ ಆ ಮಣ್ಣು ವಾಸಕ್ಕೆ ಒಗ್ಗದು ಎಂದರ್ಥ.

ತಲೆನೋವು ತಂದದ್ದು ಸೆಕೆ. ಪರೀಕ್ಷೆಗೆ 20 ಡಿಗ್ರಿಯ ಆಸುಪಾಸು ಬೇಕು. ನಮ್ಮಲ್ಲಿ ಬೇಸಿಗೆಯ ಹಗಲು 40 ಮುಟ್ಟುತ್ತದೆ. ಎ.ಸಿ. ಕೋಣೆಯಲ್ಲಿ ಇಟ್ಟೆವು, ಆದರೆ ರಾತ್ರಿ ಕಾವಲುಗಾರ ವಾಡಿಕೆಯಂತೆ ಮೇನ್ ಸ್ವಿಚ್ ಆರಿಸಿ ಹೋಗಿದ್ದ. ಬೆಳಿಗ್ಗೆ ಮುಚ್ಚಳ ತೆಗೆದರೆ, ಎರಡೂ ಬದಿ ಶುದ್ಧ ಮಣ್ಣಿದ್ದ ಡಬ್ಬಿಯಲ್ಲೇ ಹುಳುಗಳು ಗಂಟು ಕಟ್ಟಿಕೊಂಡು ಸತ್ತು ನಾರುತ್ತಿದ್ದವು. ಶುದ್ಧ ಮಣ್ಣಿನಲ್ಲೇ ಸತ್ತ ಮೇಲೆ ಇಡೀ ಪರೀಕ್ಷೆ ವ್ಯರ್ಥ.

ಆಮೇಲೆ ದೊಡ್ಡ ಗಡಿಗೆಯಲ್ಲಿ ಹಸಿ ಉಸುಕು ಹಾಕಿ, ಅದರೊಳಗೆ ಡಬ್ಬಿ ಹೂತು, ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದೆವು. ಒಣ ಹವೆಯ ದೆಸೆಯಿಂದ ಮೇ ತಿಂಗಳಲ್ಲೂ 26ಕ್ಕೆ ಇಳಿಯಿತು, ಅಷ್ಟೇ. ಅದೇ ಗಡಿಗೆ ಡಿಸೆಂಬರ್‌ನಲ್ಲಿ 21ರಲ್ಲೇ ನಿಂತಿತು. ಹೆಸರಿನಲ್ಲಿ ಎರೆ ಇದ್ದರೂ ನಮ್ಮ ಎರೆ ಮಣ್ಣು (ಕಪ್ಪು ಜಿಗುಟು ಮಣ್ಣು) ಹಸಿಯಾದಾಗ ಹುಳುಗಳನ್ನು ಅಂಟಿನಂತೆ ಹಿಡಿಯುತ್ತದೆ; ಹೀಗಾಗಿ ಎರಡೂ ಬದಿಗೆ ಒಂದೇ ಪ್ರಮಾಣದಲ್ಲಿ ಉಸುಕು ಬೆರೆಸುತ್ತೇವೆ.

ಯಾವ ವಿಷ ಎಂಬುದನ್ನು ಹುಳು ಹೇಳುವುದಿಲ್ಲ, ಅದಕ್ಕೆ ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸುವ ಯಂತ್ರವಾದ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇರುವ ಪ್ರಯೋಗಾಲಯವೇ ಬೇಕು. ಉಪ್ಪು ಹೆಚ್ಚಿದ್ದರೂ ಅದು ಓಡುತ್ತದೆ, ಆದ್ದರಿಂದ ಮೊದಲು ಲವಣಾಂಶ ಅಳೆಯುತ್ತೇವೆ. ಫ್ರೀಜರ್, ಜನರೇಟರ್ ಎರಡೂ ಇದ್ದು, ತಿಳಿಯಾದ ತ್ಯಾಜ್ಯ ನೀರನ್ನು ದಿನವೂ ಪರೀಕ್ಷಿಸುವವರು ಕಿಟ್ ಕೊಳ್ಳಲಿ. ನನ್ನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಚಳಿಗಾಲಕ್ಕೇ ಬೀಳುತ್ತದೆ, ಹುಳುಗಳು ಪಕ್ಕದ ಊರಿನ ಎರೆಗೊಬ್ಬರದ ತೊಟ್ಟಿಯಿಂದ ಬರುತ್ತವೆ, ಗಡಿಗೆಗಳು ಆಗಲೇ ನಮ್ಮಲ್ಲಿವೆ.