ಫೆಟ್ ಸಿಮ್ಯುಲೇಶನ್: ಸೈನ್ಸ್ ಮೇಷ್ಟ್ರುಗಳು ಒಂದ್ಸಲ ನೋಡ್ಲೇಬೇಕು

ಹತ್ತನೇ ಕ್ಲಾಸಿಗೆ ವಿದ್ಯುತ್ ಪಾಠ ಮಾಡೋರು ಯಾರಾದ್ರೂ ಇದ್ರೆ ಈ ಫೆಟ್ ವೆಬ್‌ಸೈಟ್ ನೋಡಿ, ಅಮೆರಿಕದ ಕೊಲರಾಡೊ ಯೂನಿವರ್ಸಿಟಿದು, ನೊಬೆಲ್ ಬಂದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಸಿಮ್ಯುಲೇಶನ್ ಅಂದ್ರೆ ಸ್ಕ್ರೀನ್ ಮೇಲೇ ಮಾಡಿ ನೋಡೋ ಪ್ರಯೋಗ, ಎಲ್ಲಾ ಫ್ರೀ.

ನಂಗೆ ಜಾಸ್ತಿ ಇಷ್ಟ ಆಗಿದ್ದು ಸರ್ಕ್ಯೂಟ್ ಕಿಟ್. ವೈರು, ಬಲ್ಬು, ಬ್ಯಾಟರಿ ಎಳ್ದು ಜೋಡಿಸಿದ್ರೆ ಎಲೆಕ್ಟ್ರಾನ್‌ಗಳು ಓಡೋದು ಕಣ್ಣಿಗೇ ಕಾಣತ್ತೆ, ಬಲ್ಬ್ ಹಾಕ್ದೆ ಬ್ಯಾಟರಿಯ ಎರಡೂ ತುದಿಗೆ ಸುಮ್ನೆ ವೈರ್ ಕೊಟ್ರೆ ಬೆಂಕಿ ಹತ್ಕೊಳತ್ತೆ, ಆಗ ಲಾಸ್ಟ್ ಬೆಂಚಿನೋರೂ ಎದ್ದು ನಿಂತ್ಕೋತಾರೆ. ಲ್ಯಾಬಲ್ಲಿ ಇದನ್ನ ಮಾಡೋಕಾಗತ್ತಾ ಹೇಳಿ! ನಾಣ್ಯ, ರಬ್ಬರ್, ಪೆನ್ಸಿಲ್ ಕೂಡ ಅದ್ರಲ್ಲೇ ಇದೆ, ಯಾವುದ್ರಲ್ಲಿ ಕರೆಂಟ್ ಹರಿಯತ್ತೆ ಅಂತ ಮೊದ್ಲು ಊಹೆ ಬರೆಸಿ ಆಮೇಲೆ ಚೆಕ್ ಮಾಡ್ಸಿ, ಒಳ್ಳೆ ಗ್ರೂಪ್ ಪ್ರಾಜೆಕ್ಟ್ ಆಗತ್ತೆ. ರೆಸಿಸ್ಟರ್ ಇಟ್ಟು ವೋಲ್ಟೇಜ್ ಏರಿಸ್ತಾ ಅಮ್ಮೀಟರ್ ರೀಡಿಂಗ್ ಬರ್ಕೊಂಡು ಗ್ರಾಫ್ ಹಾಕಿದ್ರೆ ಓಮ್ ನಿಯಮ (ವೋಲ್ಟೇಜ್ ಏರಿದ ಪ್ರಮಾಣದಲ್ಲೇ ಕರೆಂಟೂ ಏರತ್ತೆ ಅನ್ನೋದು) ಮಕ್ಕಳಿಗೆ ತಾನಾಗೇ ಸಿಗತ್ತೆ, ಬಾಯಿಪಾಠ ಬೇಡ.

ನೆಟ್ ಇಲ್ದಿರೋ ಸ್ಕೂಲಿಗೂ ಓಕೆ, ಬ್ರೌಸರಲ್ಲಿ ತೆರೆಯೋ ಎಚ್‌ಟಿಎಂಎಲ್ ಫೈಲ್ ಮನೇಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಲ್ಲಿ ತಗೊಂಡೋದ್ರೆ ಸಾಕು. ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಮಾಡಿರೋ ಹಳೇ ಸಿಮ್ಯುಲೇಶನ್‌ಗಳು ಮೊಬೈಲಲ್ಲಿ ಓಡಲ್ಲ, ಅದರ ಗೋಜಿಗೆ ಹೋಗ್ಬೇಡಿ. ಕನ್ನಡದಲ್ಲೂ ಕೆಲವು ಇದೆ, ಆದ್ರೆ ಬೇರೆ ಟೀಚರ್‌ಗಳು ಹಾಕಿರೋ ಲೆಸನ್ ಪ್ಲಾನ್ ಬಹುಪಾಲು ಇಂಗ್ಲಿಷು, ನಮ್ ಪಠ್ಯಕ್ಕೆ ನೇರವಾಗಿ ಹೊಂದಲ್ಲ, ವರ್ಕ್‌ಶೀಟ್ ನಾವೇ ಬರ್ಕೋಬೇಕು.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ. ಅರ್ಧ ಯಾಕೆ ಕಟ್ ಅಂದ್ರೆ ಇದ್ರಲ್ಲಿ ಜೋಡಿಸಿದ್ದೆಲ್ಲಾ ಸರಿಯಾಗೇ ಕೂರತ್ತೆ, ಲೂಸ್ ಕನೆಕ್ಷನ್ ಅಂದ್ರೇನು ಅಂತ ನಿಜವಾದ ಸೆಲ್ಲು ವೈರು ಕೈಗೆ ಕೊಟ್ರೇನೇ ಗೊತ್ತಾಗೋದು.