ಸ್ಪಿರಿಟ್‌ನ ಕೊನೆಯ ನೀರು: ಮಣಿ, ಹಾಳೆ, ಕೊಳವೆ

ಮುಧೋಳದ ಸುತ್ತ ಕಬ್ಬು ನುರಿಸುವ ಹಂಗಾಮು ಮುಗಿದರೂ ಡಿಸ್ಟಿಲರಿಯ ಪ್ರಯೋಗಾಲಯಕ್ಕೆ ಬಿಡುವಿಲ್ಲ. ಕಾಕಂಬಿಯ ಸ್ಪಿರಿಟನ್ನು ಸಾಮಾನ್ಯ ಒತ್ತಡದಲ್ಲಿ ಎಷ್ಟು ಸಲ ಭಟ್ಟಿ ಇಳಿಸಿದರೂ ಅದರಲ್ಲಿನ ಎಥನಾಲ್ (ಆಲ್ಕೋಹಾಲ್) ತೂಕದಲ್ಲಿ ಶೇ. 95.6 ದಾಟುವುದಿಲ್ಲ. ಆ ಹಂತದಲ್ಲಿ ದ್ರವದಲ್ಲಿರುವ ಪ್ರಮಾಣದಲ್ಲೇ ನೀರೂ ಎಥನಾಲೂ ಆವಿಯಾಗುತ್ತವೆ. ಪೆಟ್ರೋಲಿಗೆ ಬೆರೆಸಬೇಕಾದರೆ ಗಾತ್ರದಲ್ಲಿ ಕನಿಷ್ಠ ಶೇ. 99.5 ಇರಬೇಕು. ಈ ಹಠಮಾರಿ ನೀರನ್ನು ತೆಗೆಯಲು ಕಳೆದ ಬೇಸಿಗೆಯಲ್ಲಿ ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ನಮ್ಮ ಘಟಕದಲ್ಲಿ ಈಗಾಗಲೇ ಇರುವ 3ಎ ಮಣಿಗಳು. ಇವು ಜಿಯೋಲೈಟಿನವು, ಅಂದರೆ ಅಣುವಿನ ಅಳತೆಯ ರಂಧ್ರಗಳಿರುವ ಖನಿಜದವು. ಸುಮಾರು 0.3 ನ್ಯಾನೋಮೀಟರ್ ರಂಧ್ರದೊಳಗೆ ನೀರಿನ ಅಣು ಹೋಗಿ ಕೂರುತ್ತದೆ, ಎಥನಾಲ್ ಹೊರಗೇ ಉಳಿಯುತ್ತದೆ. ಹೊಟ್ಟೆ ತುಂಬಿದ ಮಣಿಗಳನ್ನು ಮತ್ತೆ ಬರಿದು ಮಾಡುವುದೇ ತೊಂದರೆ. ಅದಕ್ಕೆ ನಿರ್ವಾತ ಕೊಟ್ಟು, ಒಣಗಿಸಿದ ಆಲ್ಕೋಹಾಲಿನ ಆವಿಯಲ್ಲೇ ಒಂದು ಪಾಲನ್ನು ಹಾಯಿಸಬೇಕು. ಅದು ನೀರು ಹೊತ್ತು ತೆಳು ಸ್ಪಿರಿಟಾಗಿ ಮತ್ತೆ ಭಟ್ಟಿ ಇಳಿಸುವ ಕಾಲಂಗೆ ಮರಳುತ್ತದೆ. ಬೀಸಿದ ಹಿಟ್ಟನ್ನೇ ಮತ್ತೆ ಬೀಸಿದಂತೆ.

ಎರಡನೆಯದು ನೀರನ್ನು ಹಾಯಗೊಟ್ಟು ಎಥನಾಲನ್ನು ತಡೆಯುವ ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪ್ಲಾಸ್ಟಿಕ್ಕಿನ ಹಾಳೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಕಡಿಮೆ ಇದ್ದಾಗ ಚೆನ್ನಾಗಿಯೇ ನಡೆಯಿತು. ನೀರು ಹೆಚ್ಚಾದ ಮಾದರಿ ಕೊಟ್ಟಾಗ ಉಬ್ಬಿ, ಎಥನಾಲನ್ನೂ ಬಿಟ್ಟುಕೊಟ್ಟಿತು. ಬಿಚ್ಚಿ ನೋಡಿದರೆ ನೆನೆದ ಹಪ್ಪಳ.

ನನ್ನ ಮನಸ್ಸು ಗೆದ್ದದ್ದು ಕೊಳವೆ. ಅಲ್ಯುಮಿನಾ ಎಂಬ ಸಿರಾಮಿಕ್ಕಿನ ರಂಧ್ರಮಯ ಕೊಳವೆಯ ಮೇಲೆ ಸೋಡಿಯಂ-ಎ ಜಿಯೋಲೈಟಿನ ತೆಳು ಪದರ. ಹೊರಗೆ ಬಿಸಿ ಸ್ಪಿರಿಟ್, ಒಳಗೆ ನಿರ್ವಾತ. ಸಾಣಿಗೆಯಲ್ಲಿ ಜೋಳದ ಹಿಟ್ಟು ಕೆಳಗಿಳಿದು ತವುಡು ಮೇಲುಳಿಯುವ ಹಾಗೆ ಇಲ್ಲಿ ನೀರು ಒಳಗಿಳಿಯುತ್ತದೆ. ಆದರೆ ಹೋಲಿಕೆ ಪೂರ್ತಿ ಸರಿಯಲ್ಲ. ರಂಧ್ರದ ಅಳತೆಯಷ್ಟೇ ಅಲ್ಲ, ಈ ಪದರಕ್ಕೆ ನೀರಿನ ಮೇಲಿರುವ ವಿಪರೀತ ಸೆಳೆತವೂ ಕೆಲಸ ಮಾಡುತ್ತದೆ. ಆ ನೀರಾವಿಯನ್ನು ಹಿಡಿಯಲು ತಣ್ಣನೆಯ ಬಲೆ, ಅಂದರೆ ಆವಿಯನ್ನು ಹೆಪ್ಪುಗಟ್ಟಿಸುವ ಪಾತ್ರೆ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಐಸ್ ಕ್ಯಾಂಡಿ ಮಾಡುವವರಿಂದ ಮಂಜುಗಡ್ಡೆ ತಂದು, ಉಪ್ಪು ಬೆರೆಸಿ ಕೂತೆವು. ಬಲೆಯಲ್ಲಿ ಸಿಕ್ಕಿದ್ದನ್ನು ಕರಗಿಸಿ ಮೂಸಿ ನೋಡಿದ ನಮ್ಮ ಸಹಾಯಕ, "ಸಾಹೇಬರೇ, ಇದು ಬರೀ ನೀರು!" ಎಂದು ನಿರಾಶೆಯಿಂದಲೇ ಹೇಳಿದ. ಅದಕ್ಕಿಂತ ಒಳ್ಳೆಯ ಫಲಿತಾಂಶ ನನಗೆ ಬೇಕಿರಲಿಲ್ಲ.

ಖುಷಿ ಮೂರು ವಾರ ಉಳಿಯಿತು. ಆಮೇಲೆ ಬಲೆಯ ನೀರಿಗೆ ಸ್ಪಿರಿಟ್ ವಾಸನೆ ಬಂತು. ತಪ್ಪು ನನ್ನದೇ. ಕಾಕಂಬಿಯ ಸ್ಪಿರಿಟಿನಲ್ಲಿ ಅಸಿಟಿಕ್ ಆಮ್ಲದ ಸುಳಿವು ಇದ್ದೇ ಇರುತ್ತದೆ. ಈ ಜಿಯೋಲೈಟಿನಲ್ಲಿ ಸಿಲಿಕಾನಿಗೆ ಸರಿಸಮನಾಗಿ ಅಲ್ಯುಮಿನಿಯಂ ಇದೆ. ನೀರನ್ನು ಸೆಳೆಯುವುದೂ ಅದರಿಂದಲೇ, ಆಮ್ಲಕ್ಕೆ ಸೋಲುವುದೂ ಅದರಿಂದಲೇ. ಎರಡನೆಯ ಕೊಳವೆ ನಟ್ ಬಿಗಿಯುವಾಗ ಟಕ್ಕೆಂದು ಮುರಿಯಿತು. ಸಿರಾಮಿಕ್ ಎಂಬುದನ್ನು ಕೈ ಮರೆತಿತ್ತು. ಮೂರನೆಯದಕ್ಕೆ ಕಾಸ್ಟಿಕ್ ಸೋಡಾದಿಂದ ಆಮ್ಲ ತಗ್ಗಿಸಿ, ಮತ್ತೊಮ್ಮೆ ಬಟ್ಟಿ ಇಳಿಸಿದ ಸ್ಪಿರಿಟನ್ನೇ ಕೊಡುತ್ತಿದ್ದೇನೆ.

ಕೊಳವೆಯ ಪರವಾಗಿ ಹೇಳುವ ದೊಡ್ಡ ಮಾತು ಉಗಿಯ ಉಳಿತಾಯ: ಇಡೀ ಸ್ಪಿರಿಟನ್ನು ಕುದಿಸಬೇಕಿಲ್ಲ, ದಾಟುವ ನೀರಿಗಷ್ಟೇ ಶಾಖ ಸಾಕು. ಮಾತು ನಿಜ. ಆದರೆ ನಮ್ಮಲ್ಲಿ ಕಾಲಂನಿಂದ ಸ್ಪಿರಿಟ್ ಆವಿಯಾಗಿಯೇ ಬಂದು ನೇರ ಮಣಿಗಳಿಗೆ ಹೋಗುತ್ತದೆ. ಆ ಶಾಖದ ಖರ್ಚು ಮೊದಲೇ ಆಗಿಹೋಗಿರುತ್ತದೆ. ಜಪಾನಿನಲ್ಲಿ ಇಂಥದೇ ಪದರದ ಕೊಳವೆಗಳನ್ನು, ಮಾಡ್ಯೂಲ್‌ಗೆ 125ರಂತೆ 16 ಮಾಡ್ಯೂಲ್ ಜೋಡಿಸಿ, ಗಂಟೆಗೆ 500 ಲೀಟರಿಗೂ ಹೆಚ್ಚು ದ್ರಾವಕ ಒಣಗಿಸಿದ್ದಾರೆ. ಅಲ್ಲಿ ಒಣಗಿಸಿದ್ದು ಶುದ್ಧ ದ್ರಾವಕ, ಕಾಕಂಬಿಯ ಸರಕಲ್ಲ.

ಹಾಗಾಗಿ ಈ ಹಂಗಾಮಿಗೆ ಘಟಕಕ್ಕೆ ಮಣಿಗಳನ್ನೇ ತರಿಸಲು ಬರೆದುಕೊಟ್ಟೆ. ಪ್ರಯೋಗಾಲಯದಲ್ಲಿ ಬಳಸಿ ಉಳಿದ ಸ್ಪಿರಿಟನ್ನು ಒಣಗಿಸುವ ಕೆಲಸ ಮೂರನೆಯ ಕೊಳವೆಯದು. ನಟ್ ಬಿಗಿಯುವುದು ಮಾತ್ರ ಈಗ ಸಹಾಯಕನ ಕೈಯಲ್ಲಿದೆ.